ಉತ್ತರದ ಜೊತೆಗೆ ಕಾರಣವೂ ಸಿಗಬೇಕು: ಗೂಢ ಪದಬಂಧ ಬಿಡಿಸುವ ದಾರಿ

‘ಹೊಳೆ ಹಿಮ್ಮುಖವಾಗಿ ಹರಿಯಲು ಇಪ್ಪತ್ತನಾಲ್ಕು ಗಂಟೆ (2).’

ಪದಬಂಧದಲ್ಲಿ ಇಂಥದೊಂದು ಸುಳಿವು ಎದುರಾದಾಗ ಮನಸ್ಸು ಮೊದಲು ಹೊಳೆಯ ದಡಕ್ಕೇ ಹೋಗುತ್ತದೆ. ಹಿಂದಕ್ಕೆ ಹರಿಯುವ ಹೊಳೆ ಎಲ್ಲಿದೆ, ಭರತದ ಹೊತ್ತಿನಲ್ಲಿ ಅಳಿವೆಯ ನೀರು ಮೇಲೇರುವುದನ್ನು ಹೇಳುತ್ತಿದ್ದಾರೆಯೇ ಎಂದು ಯೋಚನೆ ಓಡುತ್ತದೆ. ಸುಳಿವು ಬರೆದವರಿಗೆ ಬೇಕಾದದ್ದೂ ಅದೇ. ಅವರು ಕಟ್ಟಿದ ಚಿತ್ರವನ್ನು ಬದಿಗಿಟ್ಟು ಪದಗಳನ್ನು ಒಂದೊಂದಾಗಿ ನೋಡಿ. ಕಂಸದಲ್ಲಿರುವ ಸಂಖ್ಯೆ ಉತ್ತರದಲ್ಲಿ ಎಷ್ಟು ಅಕ್ಷರಗಳಿವೆ ಎಂಬುದನ್ನು ಹೇಳುತ್ತದೆ. ಹೊಳೆ ಎಂದರೆ ನದಿ. ‘ನದಿ’ಯನ್ನು ಹಿಂದಿನಿಂದ ಓದಿದರೆ ‘ದಿನ’. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಉತ್ತರ ಎರಡು ದಾರಿಗಳಲ್ಲಿ ಬಂದು ಒಂದೇ ಜಾಗದಲ್ಲಿ ಸೇರಿತು.

ಈ ಎರಡು ದಾರಿಗಳೇ ಗೂಢ ಸುಳಿವಿನ ಜೀವ. ನೇರ ಸುಳಿವಿನಲ್ಲಿ ‘ಕಮಲ (3)’ ಎಂದಷ್ಟೇ ಕೊಟ್ಟರೆ ಜಲಜ, ನಳಿನ, ಪಂಕಜ, ಅಂಬುಜ, ಸರೋಜ, ನೀರಜ ಎಲ್ಲವೂ ಹೊಂದುತ್ತವೆ. ಅಡ್ಡ ಹಾಯುವ ಪದ ಬಂದು ತೀರ್ಮಾನಿಸುವವರೆಗೆ ಪೆನ್ನು ಹಿಡಿದು ಕಾಯಬೇಕು. ಅದನ್ನೇ ‘ನೀನು ಧೂಳಿನ ಪಕ್ಕ ನಿಂತರೂ ಕಮಲ (3)’ ಎಂದು ಕೊಟ್ಟರೆ ಕಾಯಬೇಕಾಗಿಲ್ಲ. ನೀ, ಅದರ ಪಕ್ಕದಲ್ಲಿ ರಜ, ಅಂದರೆ ಧೂಳು, ಸೇರಿದರೆ ನೀರಜ. ಉಳಿದ ಕಮಲಗಳೆಲ್ಲ ತಾವಾಗಿಯೇ ಹೊರಗುಳಿದವು. ಮೇಲ್ನೋಟಕ್ಕೆ ಕಷ್ಟವಾಗಿ ಕಾಣುವ ಗೂಢ ಸುಳಿವು ನೇರ ಸುಳಿವಿಗಿಂತ ಹೆಚ್ಚು ಖಚಿತವಾದದ್ದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆ ಖಚಿತತೆ ನಿಮ್ಮ ಕೈಗೆ ಬರುವುದು ಮಾತ್ರ ಉತ್ತರವನ್ನು ವಿವರಿಸಲು ಸಾಧ್ಯವಾದಾಗ. ಆದ್ದರಿಂದ ಈ ಲೇಖನದಲ್ಲಿ ಬಿಡಿಸುವುದನ್ನೂ ವಿವರಿಸುವುದನ್ನೂ ಬೇರೆ ಬೇರೆ ಮಾಡದೆ ಒಟ್ಟಿಗೇ ಹೇಳುತ್ತೇನೆ. ಇಲ್ಲಿರುವ ಸುಳಿವುಗಳೆಲ್ಲ ಈ ಲೇಖನಕ್ಕೆಂದೇ ಬರೆದವು.

ಆಟದ ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಮೊದಲ ಪದಬಂಧವೆಂದು ಸಾಮಾನ್ಯವಾಗಿ ಗುರುತಿಸುವುದು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ವಜ್ರದಾಕಾರದ ಚೌಕಟ್ಟನ್ನು. ಅದು ಬ್ರಿಟನ್ನಿಗೆ ಹೋದ ಮೇಲೆ, 1920ರ ದಶಕದಲ್ಲಿ, ಅಲ್ಲಿನವರು ಅದಕ್ಕೆ ಶಬ್ದಚಮತ್ಕಾರ ಬೆರೆಸಿ ‘ಕ್ರಿಪ್ಟಿಕ್’, ಅಂದರೆ ಗೂಢ, ರೂಪ ಕೊಟ್ಟರು. ‘ದಿ ಅಬ್ಸರ್ವರ್’ ಪತ್ರಿಕೆಯಲ್ಲಿ ಟಾರ್ಕ್ವೆಮಾಡಾ ಎಂಬ ಗುಪ್ತನಾಮದಿಂದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಬರೆದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಡಿ.ಎಸ್. ಮ್ಯಾಕ್‌ನಟ್ ತಮ್ಮನ್ನು ಕ್ಸಿಮೆನೀಸ್ ಎಂದು ಕರೆದುಕೊಂಡರು. ಎರಡೂ ಸ್ಪೇನಿನ ಧರ್ಮವಿಚಾರಣಾಧಿಕಾರಿಗಳ ಹೆಸರುಗಳು. ಹೆಸರು ಕಠೋರವಾದರೂ ಕ್ಸಿಮೆನೀಸ್ ಓದುಗರ ಪರವಾಗಿ ನಿಂತವರು. ಸುಳಿವಿನಲ್ಲಿ ಉತ್ತರದ ಸರಿಯಾದ ಅರ್ಥ ಇರಬೇಕು, ಉತ್ತರಕ್ಕೆ ಒಯ್ಯುವ ನ್ಯಾಯವಾದ ಶಬ್ದದ ಆಟ ಇರಬೇಕು, ಇವೆರಡನ್ನು ಬಿಟ್ಟು ಮತ್ತೇನೂ ಇರಬಾರದು ಎಂಬ ನಿಯಮ ಇಂದಿಗೂ ಅವರ ಹೆಸರಿನೊಂದಿಗೇ ಸೇರಿಕೊಂಡಿದೆ. ಭಾರತದಲ್ಲಿ ‘ದಿ ಹಿಂದೂ’ ಪತ್ರಿಕೆ 1971ರಿಂದ ಇಂಗ್ಲಿಷ್ ಗೂಢ ಪದಬಂಧವನ್ನು ಪ್ರಕಟಿಸುತ್ತ ಬಂದಿದೆ. ಕನ್ನಡದಲ್ಲಿ ಪದಬಂಧ ಎಂದೊಡನೆ ನೆನಪಾಗುವ ಹೆಸರು ಸಾವಿರಾರು ಪದಬಂಧಗಳನ್ನು ರಚಿಸಿದ ಅ.ನಾ. ಪ್ರಹ್ಲಾದ ರಾವ್ ಅವರದು. ಒಗಟು, ಕನಕದಾಸರ ಮುಂಡಿಗೆ, ಬೆಡಗಿನ ವಚನ ಇವುಗಳನ್ನು ಒಡೆದು ಅರ್ಥ ಹೇಳುವ ಅಭ್ಯಾಸವಿರುವ ಭಾಷೆಗೆ ಈ ಆಟ ಹೊರಗಿನದು ಅನ್ನಿಸಬೇಕಾಗಿಲ್ಲ.

ಮೊದಲ ಹೆಜ್ಜೆ: ಅಕ್ಷರವನ್ನು ಸರಿಯಾಗಿ ಎಣಿಸುವುದು

ಕನ್ನಡ ಪದಬಂಧದ ಒಂದು ಮನೆಗೆ ಒಂದು ಅಕ್ಷರ. ಗುಣಿತವಾಗಲಿ, ಒತ್ತಾಗಲಿ, ಅನುಸ್ವಾರವಾಗಲಿ ಅದೇ ಮನೆಯಲ್ಲಿ ಇರುತ್ತದೆ. ‘ಕುಮಾರವ್ಯಾಸ’ ಐದು ಮನೆ, ಏಕೆಂದರೆ ‘ವ್ಯಾ’ ಒಂದೇ. ‘ಗೋಕರ್ಣ’ ಮೂರು ಮನೆ. ‘ಅಂಬುಜ’ದ ‘ಅಂ’ ಒಂದು ಮನೆ. ‘ಬಸ್’ ಥರದ ಪದಗಳ ಕೊನೆಯ ಅರ್ಧಾಕ್ಷರಕ್ಕೆ ಸಾಮಾನ್ಯವಾಗಿ ಸ್ವಂತ ಮನೆ ಕೊಡುತ್ತಾರೆ.

ಇದು ಬರಿಯ ಎಣಿಕೆಯ ವಿಷಯವಾಗಿ ನಿಲ್ಲುವುದಿಲ್ಲ. ಅಕ್ಷರಗಳ ಜಾಗ ಬದಲಾಯಿಸುವಾಗಲೂ ಗುಣಿತ ಅಕ್ಷರದ ಜೊತೆಗೇ ಸಾಗುತ್ತದೆ. ‘ರಾಮ’ ತಿರುಗಿದರೆ ‘ಮರಾ’. ವಾಲ್ಮೀಕಿಯ ಕಥೆಯಲ್ಲಿ ಬೇಡ ಜಪಿಸಿದ್ದು ಅದನ್ನೇ. ‘ಲತಾ’ ತಿರುಗಿದರೆ ‘ತಾಲ’ವಾಗುತ್ತದೆ, ‘ತಾಳ’ ಆಗುವುದಿಲ್ಲ. ಹ್ರಸ್ವ ದೀರ್ಘಗಳನ್ನು, ಲ ಳ ಗಳನ್ನು ಸಡಿಲ ಬಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೇ ಮನೆಯ ಪದದಲ್ಲಿ ಒಂದನ್ನು ಸಡಿಲಗೊಳಿಸಿದರೆ ಅರ್ಧ ಪದವನ್ನೇ ಬಿಟ್ಟುಕೊಟ್ಟಂತೆ.

ಅಕ್ಷರದ ಮನೆಯಿಂದ ಬಿಡಿಸುವವರಿಗೆ ಒಂದು ದೊಡ್ಡ ಅನುಕೂಲವಿದೆ. ಅಡ್ಡ ಹಾಯುವ ಪದದಿಂದ ಒಂದು ಮನೆ ತುಂಬಿತೆಂದರೆ ವ್ಯಂಜನ ಮತ್ತು ಸ್ವರ ಎರಡೂ ಒಮ್ಮೆಗೇ ಸಿಗುತ್ತವೆ. ಮೂರು ಮನೆಯ ಪದದ ನಡುವೆ ‘ಸೂ’ ಬಿದ್ದಿದೆ ಎಂದುಕೊಳ್ಳಿ. ಹೊಂದುವ ಪದಗಳು ಬೆರಳೆಣಿಕೆಗೆ ಇಳಿಯುತ್ತವೆ. ಆದ್ದರಿಂದ ಬಿಡಿಸಲು ಕೂತಾಗ ನಾಲ್ಕೈದು ಮನೆಯ ಪದಗಳಿಂದ ಆರಂಭಿಸಿ. ಕನ್ನಡದಲ್ಲಿ ಅಷ್ಟು ಉದ್ದದ ನಾಮಪದ ಬಹುತೇಕ ಸಮಾಸವೇ ಆಗಿರುತ್ತದೆ, ಒಡೆಯುವ ಜಾಗ ಬೇಗ ಕಾಣುತ್ತದೆ, ಒಂದು ಪದ ಕೂತರೆ ಐದು ಪದಗಳಿಗೆ ಅಕ್ಷರ ಒದಗಿಸುತ್ತದೆ. ಎರಡು ಮನೆಯ ಪದಗಳು ಸುಲಭವೆಂದು ತೋರುತ್ತವೆ. ನಿಜದಲ್ಲಿ ಅವೇ ಹೆಚ್ಚು ಸತಾಯಿಸುತ್ತವೆ.

ಎರಡನೆಯ ಹೆಜ್ಜೆ: ವಾಕ್ಯವನ್ನು ಎರಡು ತುಂಡು ಮಾಡುವುದು

ಸುಳಿವಿನ ಒಂದು ತುಂಡು ಉತ್ತರದ ಅರ್ಥವನ್ನು ಹೇಳುತ್ತದೆ. ಇನ್ನೊಂದು ತುಂಡು ಶಬ್ದದ ಆಟ. ಅರ್ಥದ ತುಂಡು ವಾಕ್ಯದ ಆದಿಯಲ್ಲಿ ಅಥವಾ ಅಂತ್ಯದಲ್ಲಿ ಇರಬೇಕೆಂಬುದು ಇಂಗ್ಲಿಷಿನ ಕಟ್ಟುನಿಟ್ಟು. ಕನ್ನಡಕ್ಕೂ ಅದು ಸಲ್ಲುತ್ತದೆ, ಜೊತೆಗೆ ನಮ್ಮ ವಾಕ್ಯರಚನೆ ಇನ್ನೊಂದು ನೆರವು ಕೊಡುತ್ತದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದದ ಮೊದಲು ಬರುತ್ತವೆ. ‘ದೇಹಕ್ಕೆ ಛಾವಣಿ ಸಿಕ್ಕ ದಸರೆಯ ಊರು (3)’ ಎಂಬಲ್ಲಿ ಆಟವೆಲ್ಲ ಮುಂದೆ, ಅರ್ಥ ಕೊನೆಯಲ್ಲಿ. ಹೀಗಾಗಿ ಸುಳಿವನ್ನು ಓದಿ ಮುಗಿಸಿದ ಕೂಡಲೇ ಬಾಲದ ಕಡೆಯಿಂದ ನೋಡತೊಡಗಿ. ‘ದಸರೆಯ ಊರು’ ಎಂಬುದಕ್ಕೆ ಮೈಸೂರು ತಟ್ಟನೆ ಹೊಳೆಯಬಹುದು. ಹೊಳೆದರೂ ಅಲ್ಲಿಗೇ ನಿಲ್ಲಬೇಡಿ. ದೇಹ ಅಂದರೆ ಮೈ, ಛಾವಣಿ ಅಂದರೆ ಸೂರು. ಮೈಗೆ ಸೂರು ಸಿಕ್ಕಿತು. ‘ಸಿಕ್ಕ’ ಎಂಬ ಪದ ಜೋಡಣೆಯನ್ನು ಹೇಳುತ್ತದೆ. ವಾಕ್ಯದ ಯಾವ ಪದವೂ ಕೆಲಸವಿಲ್ಲದೆ ಉಳಿಯಲಿಲ್ಲ.

ತುಂಡು ಎಲ್ಲಿ ಮಾಡಬೇಕೆಂದು ಗೊತ್ತಾಗದಿದ್ದರೆ ಕ್ರಿಯೆಯನ್ನು ಹೇಳುವ ಪದವನ್ನು ಹುಡುಕಿ. ಹಿಂದಿರುಗಿದ, ತಲೆ ಕಳೆದುಕೊಂಡ, ನುಂಗಿದ, ಒಳಗಿಟ್ಟ, ಕೆದರಿದ ಇಂಥವು ಸುಳಿವಿನಲ್ಲಿ ಅಲಂಕಾರಕ್ಕೆ ಬರುವುದಿಲ್ಲ. ಒಂದೊಂದೂ ಒಂದು ಆದೇಶ.

ಅರ್ಥ ಎರಡು, ಉತ್ತರ ಒಂದು

ಆಟದ ಬಗೆಗಳಲ್ಲಿ ಕನ್ನಡಕ್ಕೆ ಅತಿ ಹತ್ತಿರದ್ದು ಶ್ಲೇಷೆ. ಇಲ್ಲಿ ಶಬ್ದದ ಕಸರತ್ತು ಇಲ್ಲ, ಎರಡು ಅರ್ಥಗಳು ಅಕ್ಕಪಕ್ಕ ಕೂತಿರುತ್ತವೆ. ‘ಹೊಸ ಒಂಬತ್ತು (2)’ ಎಂದರೆ ನವ. ‘ಒಲ್ಲೆ ಎನ್ನುವ ಬೇಟೆಗಾರ (2)’ ಎಂದರೆ ಬೇಡ. ‘ಚಾಲುಕ್ಯರ ರಾಜಧಾನಿಯಲ್ಲಿ ಹಾಲಿಗೆ ಹಾಕುವ ಬೀಜ (3)’ ಎಂದರೆ ಬಾದಾಮಿ. ಸುಳಿವು ತೀರ ಚಿಕ್ಕದಾಗಿದ್ದು ಕ್ರಿಯೆಯನ್ನು ಹೇಳುವ ಪದ ಯಾವುದೂ ಕಾಣದಿದ್ದರೆ ಶ್ಲೇಷೆಯನ್ನೇ ಮೊದಲು ಸಂಶಯಿಸಿ.

ಶ್ಲೇಷೆಯಲ್ಲಿ ನ್ಯಾಯ ಅನ್ಯಾಯದ ಒಂದು ಸೂಕ್ಷ್ಮವಿದೆ. ‘ಅರಸು’ ಎಂಬ ಉತ್ತರಕ್ಕೆ ‘ದೊರೆಯನ್ನು ಹುಡುಕು (3)’ ಎಂದು ಬರೆದರೆ ಓದಲು ಚೆನ್ನಾಗಿದೆ. ಆದರೆ ‘ದೊರೆಯನ್ನು’ ಎಂಬುದಕ್ಕೆ ಸಮನಾದದ್ದು ‘ಅರಸನ್ನು’. ವಿಭಕ್ತಿ ಒಂದು ಕಡೆ ಇದೆ, ಉತ್ತರದಲ್ಲಿ ಇಲ್ಲ. ‘ಹುಡುಕು, ದೊರೆ! (3)’ ಎಂದು ಬರೆದರೆ ಆ ತೊಡಕೇ ಇಲ್ಲ. ದೊರೆಯನ್ನು ಕರೆದು ಹೇಳಿದಂತೆ ವಾಕ್ಯವೂ ನಿಂತಿತು, ಎರಡು ಅರ್ಥಗಳೂ ಕೆಡದೆ ಉಳಿದವು.

ಜೋಡಿಸುವುದು, ಒಳಗಿಡುವುದು

ಮೈಸೂರಿನಲ್ಲಿ ಕಂಡದ್ದು ಜೋಡಣೆ. ‘ಮಗನೂ ಮಹಾಭಾರತದ ಕರ್ತೃವೂ ಸೇರಿದರೆ ಗದುಗಿನ ಕವಿ (5)’ ಇನ್ನೊಂದು ಉದಾಹರಣೆ: ಕುಮಾರ, ವ್ಯಾಸ. ಜೋಡಿಸುವಾಗ ಸಂಧಿಯಾದರೆ ಅದನ್ನು ಸುಳಿವಿನಲ್ಲಿ ಸೂಚಿಸಬೇಕೆಂದು ನಾನು ಬಯಸುತ್ತೇನೆ. ‘ಶುಭವೂ ಗ್ರಾಮವೂ ಸಂಧಿಸಿದ ಬಂದರು ನಗರ (4)’ ಎಂಬಲ್ಲಿ ಮಂಗಳ ಮತ್ತು ಊರು ಸೇರಿ ಲೋಪಸಂಧಿಯಾಗಿ ಮಂಗಳೂರು ಆಯಿತು. ‘ಸಂಧಿಸಿದ’ ಎಂಬ ಪದ ಅದನ್ನು ಹೇಳಿಯೇ ಬಿಟ್ಟಿದೆ.

ಜೋಡಣೆಗೆ ಒಂದಕ್ಷರದ ಪದಗಳು ಬಹಳ ಬೇಕಾಗುತ್ತವೆ. ಇಂಗ್ಲಿಷಿನವರು ಇದಕ್ಕೆ ಸಂಕ್ಷೇಪಗಳನ್ನು ಬಳಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ಸೊಗಸಾದ ಸಂಪತ್ತಿದೆ. ಮೈ, ಕೈ, ಹೂ, ಗೋ, ಭೂ, ಶ್ರೀ, ನಾ, ನೀ, ತಾ, ಬಾ ಎಲ್ಲವೂ ತುಂಬು ಅರ್ಥವಿರುವ ಪದಗಳು. ಇವುಗಳ ಮೇಲೆ ಸಪ್ತಸ್ವರಗಳಿವೆ. ಷಡ್ಜ ಎಂದರೆ ಸ, ಋಷಭ ಎಂದರೆ ರಿ, ಗಾಂಧಾರ ಎಂದರೆ ಗ, ಮಧ್ಯಮ ಎಂದರೆ ಮ, ಪಂಚಮ ಎಂದರೆ ಪ, ಧೈವತ ಎಂದರೆ ದ, ನಿಷಾದ ಎಂದರೆ ನಿ. ಇವುಗಳಲ್ಲಿ ಹೆಚ್ಚಿನವು ಬೇರೆ ಅರ್ಥಗಳ ವೇಷ ಹಾಕಿಕೊಂಡು ಬರಬಲ್ಲವು. ಋಷಭ ಎತ್ತು, ನಿಷಾದ ಬೇಡ, ಗಾಂಧಾರ ಶಕುನಿಯ ದೇಶ, ಪಂಚಮ ಐದನೆಯದು, ಮಧ್ಯಮ ನಡುವಿನದು. ಸುಳಿವಿನಲ್ಲಿ ಗಾಂಧಾರ ಕಂಡ ಕೂಡಲೇ ಮಹಾಭಾರತದ ನೆನಪು ಬಂದರೆ ಒಂದು ಕ್ಷಣ ತಡೆದು ಸಂಗೀತವನ್ನೂ ನೆನೆಯಿರಿ.

‘ಗಾಂಧಾರವನ್ನು ಒಳಗಿಟ್ಟುಕೊಂಡ ಮನುಷ್ಯನ ಪಟ್ಟಣ (3).’ ಮನುಷ್ಯ ಎಂದರೆ ನರ. ಅವನೊಳಗೆ ಗ. ನ-ಗ-ರ, ನಗರ. ‘ಹಾರದ ನಡುವೆ ಮಧ್ಯಮ ಬಂದರೆ ಕದನ (3)’ ಕೂಡ ಇದೇ ಜಾತಿಯದು. ಹಾರ ಎಂದರೆ ಸರ, ನಡುವೆ ಮ, ಸಮರ. ನುಂಗಿದ, ಒಳಗೊಂಡ, ತಬ್ಬಿದ, ನಡುವೆ ಸಿಕ್ಕಿದ, ಸುತ್ತುವರಿದ ಎಂಬ ಪ್ರತಿಯೊಂದು ಪದವೂ ಒಂದರೊಳಗೊಂದನ್ನು ಇಡಲು ಹೇಳುತ್ತದೆ.

ಒಳಗಿಡುವುದಕ್ಕೂ ಅಡಗಿಸುವುದಕ್ಕೂ ವ್ಯತ್ಯಾಸವಿದೆ. ‘ಅವನ ಗರಡಿಯೊಳಗೊಂದು ಪಟ್ಟಣ (3)’ ಎಂಬ ಸುಳಿವಿಗೂ ಉತ್ತರ ನಗರವೇ. ಆದರೆ ಇಲ್ಲಿ ಸಮಾನಾರ್ಥಕ ಹುಡುಕುವ ಕೆಲಸವಿಲ್ಲ. ‘ಅವನ ಗರಡಿ’ ಎಂಬ ಅಕ್ಷರಗಳ ಸಾಲಿನಲ್ಲಿಯೇ, ಮೊದಲ ಪದದ ಕೊನೆ ಮತ್ತು ಎರಡನೆಯ ಪದದ ಆದಿ ಸೇರುವಲ್ಲಿ, ಉತ್ತರ ಕಣ್ಣೆದುರಿಗೇ ಇದೆ. ಸುಳಿವಿನಲ್ಲಿ ‘ಒಳಗೆ’ ಇದ್ದು ಪದಗಳ ಆಯ್ಕೆ ಸ್ವಲ್ಪ ವಿಚಿತ್ರವಾಗಿ ಕಂಡರೆ ಪದಗಳ ನಡುವಿನ ತೆರಪನ್ನು ಮರೆತು ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಓದಿ. ಎಲ್ಲ ಬಗೆಗಳಲ್ಲಿ ಸುಲಭವಾದದ್ದು ಇದೇ, ಹೊಸಬರು ಮೊದಲು ಇದನ್ನೇ ಹುಡುಕಬೇಕು.

ತಿರುಗಿಸುವುದು

ಎರಡಕ್ಷರದ ಪದವನ್ನು ತಿರುಗಿಸಿದರೆ ಇನ್ನೊಂದು ಪದವಾಗುವುದು ಕನ್ನಡದಲ್ಲಿ ಎಷ್ಟು ಸಹಜವೆಂದು ಗಮನಿಸಿದವರಿಗೆ ಬೆರಗಾಗುತ್ತದೆ. ಗಜ ಜಗವಾಗುತ್ತದೆ, ವನ ನವವಾಗುತ್ತದೆ, ವರ ರವವಾಗುತ್ತದೆ, ಸರ ರಸವಾಗುತ್ತದೆ, ಕಪಿ ಪಿಕವಾಗುತ್ತದೆ. ಕಪಿ ಪಿಕವಾಗುವುದು ನನಗೆ ಬಹಳ ಪ್ರಿಯವಾದದ್ದು. ‘ಕೋತಿ ಹಿಂದಿರುಗಿತು, ಕೋಗಿಲೆಯಾಯಿತು (2).’

ಇಲ್ಲಿ ಒಂದು ಕವಲು ಇದೆ. ಕೋತಿಯನ್ನೇ ತಿರುಗಿಸಿದರೆ ‘ತಿಕೋ’, ಅದು ಪದವೇ ಅಲ್ಲ. ಮೊದಲು ಕೋತಿಯನ್ನು ಕಪಿಯಾಗಿಸಿ, ಆಮೇಲೆ ತಿರುಗಿಸಬೇಕು. ಇದಕ್ಕೆ ಎದುರಾಗಿ ‘ಸದಾ ಹಿಂದೆ ಸರಿಯುವ ಸೇವಕ (2)’ ನೋಡಿ. ಸದಾ ಎಂಬುದನ್ನು ನಿತ್ಯ, ಯಾವಾಗಲೂ ಎಂದೆಲ್ಲ ಬದಲಿಸುತ್ತ ಹೋದರೆ ಎಲ್ಲಿಗೂ ಮುಟ್ಟುವುದಿಲ್ಲ. ಸದಾ ಎಂಬ ಪದವೇ ತಿರುಗಿ ದಾಸ ಆಗಬೇಕು. ಹಾಗಾದರೆ ಯಾವಾಗ ಬದಲಿಸಬೇಕು, ಯಾವಾಗ ಇದ್ದ ಪದವನ್ನೇ ಬಳಸಬೇಕು? ಮನೆಗಳ ಸಂಖ್ಯೆ ಮೊದಲ ಉತ್ತರ ಹೇಳುತ್ತದೆ. ಸುಳಿವಿನ ಪದದಲ್ಲಿರುವ ಅಕ್ಷರಗಳು ಮನೆಗಳಷ್ಟೇ ಇದ್ದರೆ ಹಾಗೆಯೇ ತಿರುಗಿಸಿ ನೋಡಿ. ಅದು ಅರೆಕ್ಷಣದ ಕೆಲಸ. ಪದವಾಗದಿದ್ದರೆ ಸಮಾನಾರ್ಥಕಕ್ಕೆ ಹೋಗಿ.

ಸಮಾನಾರ್ಥಕ ಎಂದಾಗ ಬಳಕೆಯ ಮಾತು, ಸಂಸ್ಕೃತದಿಂದ ಬಂದದ್ದು, ಕಾವ್ಯದಲ್ಲಿ ಉಳಿದದ್ದು ಹೀಗೆ ಮೂರು ಕಡೆ ಕೈಚಾಚಬೇಕು. ಆನೆ ಎಂದರೆ ಗಜ, ಕರಿ, ಇಭ, ಹಸ್ತಿ, ಕುಂಜರ, ನಾಗ. ಯುದ್ಧ ಎಂದರೆ ಸಮರ, ರಣ, ಕದನ, ಕಾಳಗ, ಸಂಗರ, ಆಹವ. ಕಿಟೆಲ್ ಅವರ 1894ರ ನಿಘಂಟಾಗಲಿ, ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ಪಕ್ಕದಲ್ಲಿ ಇಟ್ಟುಕೊಳ್ಳುವುದು ಸೋಲಲ್ಲ. ಪದವನ್ನು ಕಟ್ಟಿ, ಅದು ಇದೆಯೋ ಇಲ್ಲವೋ ಎಂದು ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಮೇಲಿನಿಂದ ಕೆಳಕ್ಕೆ ಇರುವ ಪದಗಳಲ್ಲಿ ತಿರುಗಿಸುವ ಆದೇಶವೂ ಬದಲಾಗುತ್ತದೆ. ತಲೆಕೆಳಗಾದ, ಮೇಲೇರಿದ, ಬುಡಮೇಲಾದ ಎಂಬ ಪದಗಳು ಅಲ್ಲಿ ಬರುತ್ತವೆ. ಎಡದಿಂದ ಬಲಕ್ಕೆ ಸಾಗುವ ಪದಕ್ಕೆ ‘ಮೇಲೇರಿದ’ ಎಂದು ಬರೆದರೆ ಅದು ತಪ್ಪು.

ಕೆಲವು ಪದಬಂಧಗಳಲ್ಲಿ ‘ಕಪಿ ತಿರುಗಿದೆ (2)’ ಎಂದಷ್ಟೇ ಇದ್ದು, ತುಂಬಬೇಕಾದದ್ದು ‘ಪಿಕ’ ಎಂದಿರುತ್ತದೆ. ಕೋಗಿಲೆಯ ಮಾತೇ ಇರುವುದಿಲ್ಲ. ಅಂಥದ್ದನ್ನು ನಾನು ಅರ್ಧ ಸುಳಿವು ಎನ್ನುತ್ತೇನೆ. ಆಟದ ಭಾಗವಿದೆ, ಅರ್ಥದ ಭಾಗವಿಲ್ಲ, ಸಾಕ್ಷಿ ಒಂದೇ.

ವಿಭಕ್ತಿ ಎಂಬ ತೊಡಕು

ಕನ್ನಡದ ಗೂಢ ಸುಳಿವಿನಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಇಂಗ್ಲಿಷಿನಲ್ಲಿ ಪದಗಳು ಬಹುಮಟ್ಟಿಗೆ ಇದ್ದ ಹಾಗೆಯೇ ಇರುತ್ತವೆ. ಸಂಬಂಧ ಹೇಳುವ ಚಿಕ್ಕ ಪದ ಪ್ರತ್ಯೇಕವಾಗಿ ಪಕ್ಕದಲ್ಲಿ ನಿಂತಿರುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳುತ್ತದೆ. ‘ಕಾರವಾರದ ಕೊನೆಯಲ್ಲಿ ಏಳು ದಿನ (2)’ ಎಂಬ ಸುಳಿವಿಗೆ ಉತ್ತರ ವಾರ. ಕಾರವಾರ ಎಂಬ ಪದದ ಕೊನೆಯ ಎರಡು ಅಕ್ಷರ ಅದು. ಆದರೆ ವಾಕ್ಯದಲ್ಲಿ ಅಚ್ಚಾಗಿರುವುದು ‘ಕಾರವಾರದ’. ಕೊನೆಯ ಅಕ್ಷರ ‘ದ’. ಇಲ್ಲಿ ‘ದ’ ಎಂಬುದು ಸಂಬಂಧ ಹೇಳಲು ಬಂದ ಪ್ರತ್ಯಯ, ಅದನ್ನು ಕಳಚಿ ನೋಡಬೇಕು.

ಈಗ ಇದನ್ನು ನೋಡಿ: ‘ಮಗನ ಗೊಂದಲಕ್ಕೆ ಕೊಡಬೇಕಾದ ಲಕ್ಷ್ಯ (3).’ ‘ಮಗನ’ ಎಂಬಲ್ಲಿಯೂ ಪ್ರತ್ಯಯವಿದೆ. ಕಳಚಿದರೆ ‘ಮಗ’ ಉಳಿಯುತ್ತದೆ, ಎರಡೇ ಅಕ್ಷರ, ಮನೆ ಮೂರು. ಇಲ್ಲಿ ಪ್ರತ್ಯಯವೂ ಸಾಮಗ್ರಿಯ ಭಾಗ. ಮ, ಗ, ನ ಮೂರನ್ನೂ ಕಲೆಸಿದರೆ ಗಮನ, ಅಂದರೆ ಲಕ್ಷ್ಯ.

ಒಂದರಲ್ಲಿ ಪ್ರತ್ಯಯ ಬಿಡಬೇಕು, ಇನ್ನೊಂದರಲ್ಲಿ ಹಿಡಿಯಬೇಕು. ಇದನ್ನು ತೀರ್ಮಾನಿಸುವ ನಿಯಮವನ್ನು ಯಾರೂ ಬರೆದಿಟ್ಟಿಲ್ಲವಾದರೂ ನಾನು ಹೀಗೆ ನೋಡುತ್ತೇನೆ. ಮೊದಲು ಅಚ್ಚಾದ ರೂಪವನ್ನೇ ನಂಬಿ ಅಕ್ಷರ ಎಣಿಸುತ್ತೇನೆ. ಹೊಂದದಿದ್ದರೆ ಮಾತ್ರ ಪ್ರತ್ಯಯ ಕಳಚುತ್ತೇನೆ. ಸುಳಿವು ಬರೆಯುವವರಾದರೆ ಒಂದೇ ಸುಳಿವಿನಲ್ಲಿ ಒಂದು ಪದದ ಪ್ರತ್ಯಯ ಬಿಟ್ಟು ಇನ್ನೊಂದರದ್ದನ್ನು ಹಿಡಿಯುವ ಗೋಜಿಗೆ ಹೋಗಬೇಡಿ. ಬಿಡಿಸುವವರು ಹೊರಬರುವ ದಾರಿಯೇ ಇರುವುದಿಲ್ಲ.

ಕಳೆಯುವುದು, ಕಲಸುವುದು

ಕಳೆಯುವ ಆಟಕ್ಕೆ ‘ಸಮರ’ ಎಂಬ ಒಂದೇ ಪದ ಸಾಕಷ್ಟು ಪಾಠ ಹೇಳುತ್ತದೆ. ತಲೆ ತೆಗೆದರೆ ಮರ, ಬಾಲ ತೆಗೆದರೆ ಸಮ, ಹೊಟ್ಟೆ ಬಗೆದರೆ ಸರ. ‘ತಲೆ ಬಿದ್ದ ಮೇಲೆ ಯುದ್ಧದಲ್ಲಿ ಉಳಿದ ವೃಕ್ಷ (2)’ ಎಂಬುದನ್ನು ಈಗ ನೀವೇ ಬಿಡಿಸಬಲ್ಲಿರಿ. ತಲೆ, ಮುಕುಟ, ಮೊದಲು ಎಂದರೆ ಮೊದಲ ಅಕ್ಷರ. ಕಾಲು, ಬಾಲ, ತುದಿ ಎಂದರೆ ಕೊನೆಯದು. ಹೃದಯ, ಒಡಲು, ಹೊಟ್ಟೆ ಎಂದರೆ ನಡುವಿನದು.

ಕಲಸುವ ಆಟ, ಅಂದರೆ ಅಕ್ಷರಪಲ್ಲಟ, ಇಂಗ್ಲಿಷ್ ಪದಬಂಧದ ಬೆನ್ನೆಲುಬು. ಅಲ್ಲಿ ಹತ್ತು ಹನ್ನೆರಡು ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುತ್ತಾರೆ. ಕನ್ನಡದಲ್ಲಿ ಗುಣಿತ, ಒತ್ತುಗಳು ಅಕ್ಷರಕ್ಕೆ ಗಟ್ಟಿಯಾಗಿ ಅಂಟಿರುವುದರಿಂದ ಕಲಸುವಿಕೆ ಮೂರು ನಾಲ್ಕು ಅಕ್ಷರಗಳ ಆಚೆ ಹೆಚ್ಚು ದೂರ ಸಾಗುವುದಿಲ್ಲ. ರಮಣ ಮರಣವಾಗುತ್ತದೆ, ದವನ ವದನವಾಗುತ್ತದೆ, ಅಷ್ಟು. ಗೊಂದಲ, ಚೆಲ್ಲಾಪಿಲ್ಲಿ, ಎಡವಿದ, ಕೆದರಿದ ಎಂಬ ಪದಗಳ ಮೇಲೆ ಕಣ್ಣಿಟ್ಟರೆ ಸಾಕು.

ವಿವರಣೆ ಬರೆಯುವುದು ಹೇಗೆ

ಉತ್ತರ ಹೊಳೆಯಿತು. ಈಗ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ನಾನು ಅನುಸರಿಸುವ ಕ್ರಮ ಇದು: ಮೊದಲು ಅರ್ಥದ ತುಂಡು, ಆಮೇಲೆ ಪ್ರತಿ ಪದ ಯಾವುದಕ್ಕೆ ಬದಲಾಯಿತು ಎಂಬುದು, ಆಮೇಲೆ ಕ್ರಿಯೆ, ಅದನ್ನು ಹೇಳಿದ ಪದ ಯಾವುದು ಎಂಬುದರ ಸಮೇತ.

ನಗರ: ಅರ್ಥ ‘ಪಟ್ಟಣ’. ನರ (ಮನುಷ್ಯ), ಅದರೊಳಗೆ ಗ (ಗಾಂಧಾರ ಸ್ವರ). ‘ಒಳಗಿಟ್ಟುಕೊಂಡ’ ಎಂಬುದು ಕ್ರಿಯೆ.

ಇಷ್ಟು ಬರೆದ ಮೇಲೆ ಸುಳಿವಿನ ಪದಗಳನ್ನು ಒಂದೊಂದಾಗಿ ಹೊಡೆದುಹಾಕಿ. ಏನಾದರೂ ಉಳಿಯಿತೇ? ಎರಡು ಭಾಗಗಳನ್ನು ಕೂಡಿಸುವ ಒಂದು ಪ್ರತ್ಯಯವೋ ‘ಆದರೆ’, ‘ಆಯಿತು’ ಎಂಬಂಥ ಕೊಂಡಿಯೋ ಉಳಿದರೆ ತೊಂದರೆಯಿಲ್ಲ. ಒಂದು ತೂಕದ ಪದವೇ ಉಳಿದರೆ ಉತ್ತರ ತಪ್ಪಿರಬಹುದು, ಇಲ್ಲವೇ ಸುಳಿವು ಸಡಿಲವಾಗಿರಬಹುದು. ಮೊದಲ ಸಂಶಯ ಉತ್ತರದ ಮೇಲೇ ಇರಲಿ.

ಈ ಪರೀಕ್ಷೆ ಎಷ್ಟು ಉಪಯುಕ್ತ ಎಂಬುದಕ್ಕೆ ಅದೇ ನಗರದ ಸುಳಿವನ್ನು ಮತ್ತೆ ತೆಗೆದುಕೊಳ್ಳಿ. ಕೊನೆಯ ಮನೆಯಲ್ಲಿ ‘ರ’ ಆಗಲೇ ಇದೆ, ಅರ್ಥ ‘ಪಟ್ಟಣ’ ಎಂದೂ ತಿಳಿದಿದೆ. ಅವಸರದಲ್ಲಿ ‘ಶಹರ’ ಎಂದು ತುಂಬುವುದು ತೀರ ಸಹಜ. ಅಕ್ಷರ ಮೂರು, ಅರ್ಥ ಸರಿ, ಕೊನೆಯೂ ಸರಿ. ವಿವರಣೆ ಬರೆಯಲು ಹೊರಟಾಗ ಗಾಂಧಾರಕ್ಕೂ ಮನುಷ್ಯನಿಗೂ ಶಹರದಲ್ಲಿ ಜಾಗವೇ ಇಲ್ಲವೆಂದು ತಿಳಿಯುತ್ತದೆ. ವಿವರಿಸದೆ ಮುಂದೆ ಹೋಗಿದ್ದರೆ ‘ಶ’ ಮತ್ತು ‘ಹ’ ಎರಡೂ ಅಡ್ಡ ಪದಗಳಿಗೆ ಹೋಗಿ ಆ ಮೂಲೆಯನ್ನೆಲ್ಲ ಕೆಡಿಸುತ್ತಿದ್ದವು.

ವಿವರಿಸಲು ಕೂತಾಗ ಸುಳಿವಿನ ದೋಷವೂ ಬಯಲಾಗುತ್ತದೆ. ‘ಎತ್ತ ಕಡೆಯಿಂದ ಓದಿದರೂ ಕಮಲ (3)’ ಎಂಬುದು ಎಷ್ಟು ಚಂದದ ಸುಳಿವು! ಜಲಜ ಹಿಂದಿನಿಂದಲೂ ಜಲಜವೇ. ಆದರೆ ನಳಿನವೂ ಹಿಂದಿನಿಂದ ನಳಿನವೇ. ಎರಡಕ್ಕೂ ಒಂದೇ ವಿವರಣೆ ಹೊಂದುವುದರಿಂದ ಅಡ್ಡ ಪದವೇ ತೀರ್ಪು ಕೊಡಬೇಕು. ಇಂಥದ್ದನ್ನು ಬಿಡಿಸಿದಾಗ ವಿವರಣೆಯಲ್ಲಿ ಎರಡನ್ನೂ ಹೇಳಿ.

ಇನ್ನೊಬ್ಬರಿಗೆ ಕಲಿಸುತ್ತಿದ್ದರೆ ಕ್ರಮ ಬೇರೆ. ಉತ್ತರವನ್ನು ಕೊನೆಗೆ ಇಟ್ಟುಕೊಳ್ಳಿ. ‘ಅರ್ಥ ಯಾವ ತುದಿಯಲ್ಲಿದೆ ನೋಡಿ’ ಎಂದು ಮೊದಲು ಹೇಳಿ. ಅಲ್ಲಿಗೂ ಆಗದಿದ್ದರೆ ಕ್ರಿಯೆಯನ್ನು ಹೇಳುವ ಪದಕ್ಕೆ ಬೆರಳಿಡಿ. ಅದೂ ಸಾಲದಿದ್ದರೆ ಒಂದು ಸಮಾನಾರ್ಥಕವನ್ನು ಕೊಡಿ. ಕೊನೆಯ ಹೆಜ್ಜೆಯನ್ನು ಅವರೇ ಇಡಲಿ. ಶಾಲೆಯ ಮಕ್ಕಳಿಗೆ ಅಡಗಿಸಿಟ್ಟ ಪದಗಳಿಂದ ಶುರುಮಾಡುವುದು ಒಳ್ಳೆಯದು, ಅದಕ್ಕೆ ನಿಘಂಟು ಬೇಡ, ಕಣ್ಣು ಸಾಕು.

ನೀವೇ ಬಿಡಿಸಿ

ಅಡ್ಡ ಪದಗಳ ನೆರವಿಲ್ಲದೆ ಬಿಡಿಸಬಹುದಾದ ಆರು ಸುಳಿವುಗಳು ಇಲ್ಲಿವೆ. ಉತ್ತರದ ಪಕ್ಕದಲ್ಲಿ ವಿವರಣೆಯನ್ನೂ ಬರೆದುಕೊಂಡು ಕೆಳಗಿನದರೊಂದಿಗೆ ಹೋಲಿಸಿ.

1. ಮೊದಲೆರಡು ಸ್ವರಗಳಲ್ಲಿ ತಪ್ಪಿಲ್ಲ (2)
2. ಹಸುವೂ ಕುಂತಿಯ ಹಿರಿಯ ಮಗನೂ ಸೇರಿದ ಕಡಲತಡಿಯ ಕ್ಷೇತ್ರ (3)
3. ಚಹಾದ ಪಕ್ಕದ ವೃಕ್ಷ ದೇವರಿಗೆ ಗಾಳಿ ಬೀಸುತ್ತದೆ (3)
4. ತೆರಿಗೆಯ ಬಟ್ಟೆಯಲ್ಲಿ ಬೆವರೊರೆಸಿಕೊಳ್ಳಬಹುದು (4)
5. ಎತ್ತ ಕಡೆಯಿಂದ ಹೋದರೂ ವೀರನಾರಾಯಣನ ಊರು (3)
6. ರಾಜಪೀಠದ ತಲೆ ಹಾರಿಸಿದರೆ ಉಳಿಯುವ ಜಿಲ್ಲೆ (3)

ಮೊದಲನೆಯದು ಸರಿ. ಅರ್ಥ ‘ತಪ್ಪಿಲ್ಲ’; ಸಪ್ತಸ್ವರಗಳ ಮೊದಲ ಎರಡು ಸ, ರಿ.

ಎರಡನೆಯದು ಗೋಕರ್ಣ. ಅರ್ಥ ‘ಕಡಲತಡಿಯ ಕ್ಷೇತ್ರ’. ಗೋ (ಹಸು), ಕರ್ಣ (ಕುಂತಿಯ ಹಿರಿಯ ಮಗ), ‘ಸೇರಿದ’ ಎಂಬುದು ಜೋಡಣೆ. ಊರಿನ ಹೆಸರಿನಲ್ಲಿರುವ ಕರ್ಣ ಎಂದರೆ ಕಿವಿ, ಸುಳಿವಿನಲ್ಲಿರುವ ಕರ್ಣ ಬೇರೆ. ಪದದ ಹುಟ್ಟಿನ ಅರ್ಥವನ್ನೇ ಆಟದಲ್ಲಿ ಬಳಸದೆ ಬೇರೆಯದನ್ನು ಬಳಸಿದಾಗ ಸುಳಿವು ಹೆಚ್ಚು ರುಚಿಸುತ್ತದೆ.

ಮೂರನೆಯದು ಚಾಮರ. ಚಾ (ಚಹಾ), ಪಕ್ಕದಲ್ಲಿ ಮರ (ವೃಕ್ಷ). ಅರ್ಥ ವಾಕ್ಯದ ಕೊನೆಯಲ್ಲಿ ಕ್ರಿಯಾಪದದ ರೂಪದಲ್ಲಿದೆ: ‘ದೇವರಿಗೆ ಗಾಳಿ ಬೀಸುತ್ತದೆ’, ಅಂದರೆ ಬೀಸುವ ವಸ್ತು. ಕಟ್ಟುನಿಟ್ಟಿನವರು ‘ಬೀಸುವ ಸಾಧನ’ ಎಂದೇ ಇರಬೇಕಿತ್ತು ಎಂದಾರು, ಆ ಆಕ್ಷೇಪವನ್ನು ನಾನು ಒಪ್ಪುತ್ತೇನೆ.

ನಾಲ್ಕನೆಯದು ಕರವಸ್ತ್ರ. ಕರ (ತೆರಿಗೆ), ವಸ್ತ್ರ (ಬಟ್ಟೆ). ಉಳಿದ ಭಾಗ ಅರ್ಥ.

ಐದನೆಯದು ಗದಗ. ಅರ್ಥ ‘ವೀರನಾರಾಯಣನ ಊರು’. ಹಿಂದಿನಿಂದ ಓದಿದರೂ ಗ-ದ-ಗ. ಜಲಜ ಮತ್ತು ನಳಿನದ ತೊಡಕು ಇಲ್ಲಿಲ್ಲ.

ಆರನೆಯದು ಹಾಸನ. ರಾಜಪೀಠ ಎಂದರೆ ಸಿಂಹಾಸನ, ನಾಲ್ಕು ಅಕ್ಷರ. ತಲೆ, ಅಂದರೆ ಮೊದಲ ಅಕ್ಷರ, ಹಾರಿಹೋಗಬೇಕು. ಅದು ‘ಸಿಂ’. ಅನುಸ್ವಾರಕ್ಕೆ ಪ್ರತ್ಯೇಕ ಮನೆಯಿಲ್ಲವಾದ್ದರಿಂದ ಅದೂ ಜೊತೆಗೇ ಹೋಗುತ್ತದೆ, ಮೂರು ಮನೆಗೆ ಸರಿಯಾಗಿ ಹಾ-ಸ-ನ ಉಳಿಯುತ್ತದೆ.